ಓದಿದ್ದು ತಿಳಿಯಿತೆ?

ಐದನೆಯ ತರಗತಿಯ ಮಗು ತಡವರಿಸದೆ ಓದಿದರೆ ಹಿರಿಯರು ಹಿಗ್ಗುವುದುಂಟು. ಆದರೆ ನಾಲಗೆ ಓಡಿದ ಮಾತ್ರಕ್ಕೆ ಅರ್ಥವು ಮನಸ್ಸಿಗೆ ಇಳಿಯಿತೆನ್ನಲಾಗದು. ಅರ್ಥವಿಲ್ಲದ ಓದಿನಿಂದ ಮಗು ಗಣಿತ, ಚರಿತ್ರೆಗಳಲ್ಲಿಯೂ ಹಿಂದೆ ಬೀಳುವುದು.

ಅಮೆರಿಕದ ವಿದುಷಿಯರಾದ ಪಾಲಿನ್ಸಾರ್ ಮತ್ತು ಬ್ರೌನ್ 1984ರಲ್ಲಿ ಇದಕ್ಕೆ ನಾಲ್ಕು ಸಾಧನಗಳನ್ನು ಹೇಳಿದರು: ಮುಂದೇನೆಂದು ಊಹಿಸುವುದು, ತೊಡಕಿನ ಮಾತನ್ನು ಬಿಡಿಸುವುದು, ಪ್ರಶ್ನೆ ಹಾಕುವುದು, ಸಾರ ಹೇಳುವುದು. ಮೊದಲು ಉಪಾಧ್ಯಾಯರು ಮಾಡಿ ತೋರಿಸುವರು. ಬರಬರುತ್ತ ಮಕ್ಕಳೇ ಸರದಿಯಂತೆ ಉಪಾಧ್ಯಾಯರಾಗುವರು.

ಮನೆಯಲ್ಲಿ ಗೋವಿನ ಹಾಡನ್ನೇ ತೆಗೆದುಕೊಳ್ಳಿ. ಪುಣ್ಯಕೋಟಿ ಹುಲಿಗೆ ಭಾಷೆ ಕೊಟ್ಟಲ್ಲಿ ನಿಲ್ಲಿಸಿ, "ಹಿಂದಿರುಗುವಳೆ?" ಎಂದು ಕೇಳಿ. ಇಲ್ಲಿ "ಭಾಷೆ" ಎಂದರೆ ಕನ್ನಡ, ತೆಲುಗು ಅಲ್ಲ, ಕೊಟ್ಟ ಮಾತು ಎಂಬುದನ್ನು ಮಗುವಿನಿಂದಲೇ ಹೊರಡಿಸಿ. ಹುಲಿ ಪ್ರಾಣ ಬಿಟ್ಟುದೇಕೆಂಬ ಪ್ರಶ್ನೆಯನ್ನು ಮಗುವೇ ನಿಮಗೆ ಹಾಕಲಿ. ಕೊನೆಗೆ ಕಥೆಯನ್ನು ಎರಡು ವಾಕ್ಯಗಳಲ್ಲಿ ಹೇಳಲಿ. ದಿನಕ್ಕೆ ಒಂದು ಪುಟ ಸಾಕು.