ಅರ್ಧ ಕಾಳಿನಿಂದ ಬಂದ ಎಣ್ಣೆ

ಒಂದು ಸಾಸಿವೆ ಕಾಳನ್ನು ರಾತ್ರಿ ನೀರಿನಲ್ಲಿ ನೆನೆಹಾಕಿ, ಬೆಳಿಗ್ಗೆ ಸೂಜಿಯ ಮೊನೆಯಿಂದ ಅದರ ಸಿಪ್ಪೆ ಬಿಡಿಸಿ ನೋಡಿ. ಒಳಗೆ ಎರಡು ಹಳದಿ ಬೀಜದಳಗಳು ಒಂದರೊಳಗೊಂದು ಮಡಿಸಿಕೊಂಡಿರುತ್ತವೆ. ಮುಂದೆ ಬೇರಾಗಬೇಕಾದ ಪುಟ್ಟ ಕುಡಿ ಅವುಗಳಿಗೆ ಅಂಟಿಕೊಂಡಿರುತ್ತದೆ. ಈಗ ಹೊರಗಿನ ಬೀಜದಳವನ್ನು ಮಾತ್ರ ಬ್ಲೇಡಿನಿಂದ ಕತ್ತರಿಸಿ, ಉಳಿದದ್ದನ್ನು ಒದ್ದೆ ಕಾಗದದ ಮೇಲಿಡಿ. ಕೈ ನಡುಗಿ ಕುಡಿಗೆ ಪೆಟ್ಟಾಗದಿದ್ದರೆ ಆ ಅರ್ಧ ಕಾಳು ಮೊಳೆಯುತ್ತದೆ. ಇದೇ ಕೈಚಳಕ ಸಾಸಿವೆಯ ದಾಯಾದಿ ಬೆಳೆಯೊಂದರ ಹಣೆಬರಹವನ್ನೇ ಬದಲಾಯಿಸಿತು.

ಆ ಬೆಳೆಯ ಹೆಸರು ರೇಪ್. ಲ್ಯಾಟಿನ್ ಭಾಷೆಯಲ್ಲಿ ಟರ್ನಿಪ್ ಗೆಡ್ಡೆಗಿರುವ ‘ರಾಪುಮ್’ ಎಂಬ ಪದದಿಂದ ಬಂದ ಹೆಸರಿದು. ಟರ್ನಿಪ್‌ನ 10 ಜೊತೆ ಹಾಗೂ ಎಲೆಕೋಸಿನ 9 ಜೊತೆ ವರ್ಣತಂತುಗಳು ಕೂಡಿ 19 ಜೊತೆಯ ಈ ಗಿಡವಾಗಿದೆ. ಕೊರಿಯಾ ಮೂಲದ ವಿಜ್ಞಾನಿ ವೂ ಜಾಂಗ್-ಚುನ್ ಜಪಾನಿನಲ್ಲಿದ್ದುಕೊಂಡು 1935ರಲ್ಲಿ ಈ ಲೆಕ್ಕವನ್ನು ಬಿಡಿಸಿ ತೋರಿಸಿದರು. ನಮ್ಮ ದೇಶದ ಹೊಲಗಳ ಸಾಸಿವೆಗೆ 18 ಜೊತೆ. ಟರ್ನಿಪ್‌ನವು 10, ಕರಿಸಾಸಿವೆ ಎಂಬ ಬೇರೊಂದು ಪ್ರಭೇದದವು 8.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಕೆನಡಾ ದೇಶವು ರೇಪ್ ಬೆಳೆಯತೊಡಗಿದ್ದು ಉಣ್ಣುವುದಕ್ಕಲ್ಲ, ಹಡಗುಗಳಿಗಾಗಿ. ಹಬೆ ಮತ್ತು ನೀರು ತಗುಲುವ ಲೋಹದ ಭಾಗಗಳಿಗೆ ಬೇರೆ ಎಣ್ಣೆಗಳಿಗಿಂತ ಈ ಎಣ್ಣೆ ಬಿಗಿಯಾಗಿ ಅಂಟಿಕೊಳ್ಳುತ್ತಿತ್ತು. ಯುದ್ಧ ಮುಗಿದು ಹಬೆಯ ಹಡಗುಗಳು ಮೂಲೆಗೆ ಸರಿದಾಗ ಬೇಡಿಕೆ ಕುಸಿಯಿತು. ರೈತರಿಗೆ ಉಳಿದ ದಾರಿ ಒಂದೇ: ಅದನ್ನು ಅಡುಗೆಮನೆಗೆ ತರುವುದು.

ಅಲ್ಲಿ ಎರಡು ತೊಡಕುಗಳಿದ್ದವು. ಹಳೆಯ ತಳಿಗಳ ಎಣ್ಣೆಯಲ್ಲಿ ಸುಮಾರು ಶೇಕಡ 40ಕ್ಕೂ ಹೆಚ್ಚು ಎರುಸಿಕ್ ಆಮ್ಲವಿತ್ತು. ಇಂತಹ ಎಣ್ಣೆಯನ್ನು ಹೆಚ್ಚಾಗಿ ತಿನ್ನಿಸಿದ ಇಲಿಗಳ ಹೃದಯದ ಸ್ನಾಯುವಿನಲ್ಲಿ ಕೊಬ್ಬು ಸೇರಿಕೊಂಡದ್ದು ಕಂಡುಬಂದಿತು. ಮನುಷ್ಯರಲ್ಲಿ ಇದೇ ಕೇಡು ಆಗುತ್ತದೆಂದು ಸಿದ್ಧವಾಗಿಲ್ಲವಾದರೂ ಆತಂಕ ಹುಟ್ಟಲು ಅಷ್ಟು ಸಾಕಾಯಿತು. ಎರಡನೆಯ ತೊಡಕು ಹಿಂಡಿಯಲ್ಲಿತ್ತು. ಅದರಲ್ಲಿರುವ ಗ್ಲುಕೋಸಿನೊಲೇಟ್ ಎಂಬ ಗಂಧಕಯುಕ್ತ ಪದಾರ್ಥಗಳು ಹಂದಿ, ಕೋಳಿಗಳ ಥೈರಾಯ್ಡ್ ಗ್ರಂಥಿಯನ್ನು ಕಾಡುತ್ತಿದ್ದವು. ಈ ಪದಾರ್ಥಗಳು ನಿಮಗೆ ಹೊಸವಲ್ಲ. ಮಲೆನಾಡಿನ ಮನೆಗಳಲ್ಲಿ ಹಸಿ ಸಾಸಿವೆಯನ್ನು ತೆಂಗಿನಕಾಯಿಯೊಡನೆ ಅರೆದು ಮಾಡುವ ‘ಸಾಸಿವೆ’ ಮೂಗಿಗೆ ಏರುತ್ತದಲ್ಲವೇ? ಅರೆದಾಗ ಗ್ಲುಕೋಸಿನೊಲೇಟಿಗೆ ಒಂದು ಕಿಣ್ವ ತಾಗಿ ಆ ಖಾರ ಹುಟ್ಟುತ್ತದೆ. ಒಗ್ಗರಣೆಯಲ್ಲಿ ಕಾದ ಎಣ್ಣೆಗೆ ಕಿಣ್ವವೇ ನಾಶವಾಗುವುದರಿಂದ ಅದೇ ಕಾಳು ಸಾಧುವಾಗಿಬಿಡುತ್ತದೆ.

ಮ್ಯಾನಿಟೋಬ ವಿಶ್ವವಿದ್ಯಾನಿಲಯದ ಬಾಲ್ಡರ್ ಸ್ಟೆಫಾನ್ಸನ್ ಅವರು ‘ಲಿಹೊ’ ಎಂಬ ಜರ್ಮನಿಯ ಮೇವಿನ ತಳಿಯಲ್ಲಿ ಎರುಸಿಕ್ ಆಮ್ಲ ಕಡಿಮೆಯಿರುವ ಗಿಡಗಳನ್ನು ಪತ್ತೆಮಾಡಿದರು. ಆದರೆ ಸಂಕರದ ಸಂತತಿಯಲ್ಲಿ ಒಳ್ಳೆಯ ಕಾಳನ್ನು ಆರಿಸುವುದು ಹೇಗೆ? ರೇಪ್ ಕಾಳಿನ ಎಣ್ಣೆಯ ಗುಣವನ್ನು ನಿರ್ಧರಿಸುವುದು ತಾಯಿಗಿಡವಲ್ಲ, ಆ ಕಾಳಿನೊಳಗಿನ ಭ್ರೂಣವೇ. ಆದ್ದರಿಂದ ಒಂದೇ ಕಾಯಿಯೊಳಗಿನ ಕಾಳುಗಳೂ ಒಂದೊಂದು ಬಗೆಯಾಗಿರಬಹುದು. ಕಾಳನ್ನು ಅರೆದು ಪರೀಕ್ಷಿಸಿದರೆ ಗುಣ ತಿಳಿಯುತ್ತದೆ, ಆದರೆ ಬಿತ್ತಲು ಕಾಳೇ ಉಳಿಯುವುದಿಲ್ಲ!

ಸಸ್ಕಾಟೂನಿನ ಕೀತ್ ಡೌನಿ ಮತ್ತು ಅವರ ಸಂಗಡಿಗರು 1960ರ ದಶಕದ ಆರಂಭದಲ್ಲಿ ಈ ಗಂಟನ್ನು ಬಿಚ್ಚಿದ್ದು ಅರ್ಧ ಕಾಳಿನಿಂದ. ಒಂದು ಬೀಜದಳ ಅನಿಲ ವರ್ಣಲೇಖನ ಯಂತ್ರಕ್ಕೆ, ಕುಡಿಯಿರುವ ಇನ್ನರ್ಧ ಕುಂಡಕ್ಕೆ. ಫಲಿತಾಂಶ ಚೆನ್ನಾಗಿದ್ದರೆ ಆ ಸಸಿ ಉಳಿಯುತ್ತಿತ್ತು, ಇಲ್ಲವಾದರೆ ಕಸಕ್ಕೆ. ಯಂತ್ರದ ಹೆಸರು ದೊಡ್ಡದಾದರೂ ನನ್ನ ಮೆಚ್ಚುಗೆ ಬ್ಲೇಡು ಹಿಡಿದ ಕೈಗಳಿಗೇ ಸಲ್ಲುತ್ತದೆ. ಸುಮಾರು 2 ಮಿಲಿಮೀಟರಿನ ಸಾವಿರಾರು ಕಾಳುಗಳನ್ನು ಹಾಗೆ ಸೀಳುವುದು ಆಟವಲ್ಲ.

1968ರಲ್ಲಿ ‘ಓರೊ’ ಎಂಬ ಕಡಿಮೆ ಎರುಸಿಕ್ ತಳಿ ಹೊರಬಂದಿತು. ಪೋಲೆಂಡಿನ ‘ಬ್ರೊನೋವ್ಸ್ಕಿ’ ತಳಿಯಿಂದ ಕಡಿಮೆ ಗ್ಲುಕೋಸಿನೊಲೇಟಿನ ಗುಣವನ್ನೂ ಬೆರೆಸಿ, 1974ರಲ್ಲಿ ಸ್ಟೆಫಾನ್ಸನ್ ‘ಟವರ್’ ತಳಿಯನ್ನು ನೀಡಿದರು. ಎರಡೂ ತೊಡಕು ನೀಗಿದ ಈ ಬಗೆಗೆ 1978ರಲ್ಲಿ ‘ಕ್ಯಾನೋಲಾ’ ಎಂದು ಹೆಸರಾಯಿತು. ಮೊದಲ ಅಕ್ಷರಗಳು ಕೆನಡಾದವು. ಇಂದು ಅದರ ಎಣ್ಣೆ ಅಡುಗೆಗೆ, ಹಿಂಡಿ ದನ-ಕೋಳಿಗಳಿಗೆ. ಯೂರೋಪಿನಲ್ಲಿ ರೇಪ್ ಎಣ್ಣೆಯಿಂದ ಜೈವಿಕ ಡೀಸೆಲ್ ಕೂಡ ತಯಾರಾಗುತ್ತದೆ. ಸೋಜಿಗವೆಂದರೆ, ಎರುಸಿಕ್ ತುಂಬಿದ ತಳಿಗಳೂ ಅಳಿದಿಲ್ಲ. ಪ್ಲಾಸ್ಟಿಕ್ ಹಾಳೆಗಳು ಒಂದಕ್ಕೊಂದು ಅಂಟದಂತೆ ಮಾಡುವ ವಸ್ತು ಆ ಆಮ್ಲದಿಂದಲೇ ಸಿಗುವುದರಿಂದ ಅವನ್ನು ಪ್ರತ್ಯೇಕವಾಗಿ ಬೆಳೆಯುತ್ತಾರೆ.

ಇತ್ತ ಉತ್ತರ ಭಾರತ ಮತ್ತು ಬಂಗಾಳದ ಅಡುಗೆಗೆ ಸಾಸಿವೆ ಎಣ್ಣೆಯ ಘಾಟೇ ಜೀವ. ಆ ಎಣ್ಣೆಯಲ್ಲೂ ಎರುಸಿಕ್ ಹೆಚ್ಚು. ಅಮೆರಿಕದ ಅಂಗಡಿಗಳಲ್ಲಿ ಅದರ ಬಾಟಲಿಯ ಮೇಲೆ ‘ಮೈಗೆ ಹಚ್ಚಲು ಮಾತ್ರ’ ಎಂದು ಬರೆದಿರುತ್ತಾರೆ. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯು ‘ಪೂಸಾ ಮಸ್ಟರ್ಡ್ 30’ ಎಂಬ ಕಡಿಮೆ ಎರುಸಿಕ್ ತಳಿಯನ್ನೂ, ಎರಡೂ ಪದಾರ್ಥ ಕಡಿಮೆಯಿರುವ ‘ಪೂಸಾ ಡಬಲ್ ಜೀರೊ ಮಸ್ಟರ್ಡ್ 31’ ಎಂಬುದನ್ನೂ ಹೊರತಂದಿದೆ. ಆದರೆ ಗ್ಲುಕೋಸಿನೊಲೇಟ್ ಹೋದರೆ ಘಾಟೂ ಹೋಗುತ್ತದೆ. ಎಲ್ಲ ಸಾಸಿವೆಯನ್ನೂ ಸಾಧು ಮಾಡುವುದು ಜಾಣತನವೆಂದು ನನಗನ್ನಿಸುವುದಿಲ್ಲ. ಎರಡೂ ಬಗೆ ಬೇಕು, ಆದರೆ ದೂರ ದೂರದ ಹೊಲಗಳಲ್ಲಿ. ಎಣ್ಣೆಯ ಗುಣ ಭ್ರೂಣದ್ದೆಂದು ಹೇಳಿದೆನಲ್ಲ. ಪಕ್ಕದ ಹೊಲದ ಹಳೆಯ ತಳಿಯ ಪರಾಗವನ್ನು ಜೇನುನೊಣ ಹೊತ್ತು ತಂದರೆ, ಆ ವರ್ಷದ ಕಾಳಿನಲ್ಲಿಯೇ ಎರುಸಿಕ್ ಮತ್ತೆ ತಲೆಯೆತ್ತುತ್ತದೆ.