ಹಾಲಿನ ಲೆಕ್ಕದ ಕಪಾಟು

ಶಿವಮೊಗ್ಗದ ನಮ್ಮ ಮನೆಯ ಅಡುಗೆಕೋಣೆಯಲ್ಲಿ ಒಂದು ಪ್ಲೈವುಡ್ ಕಪಾಟು ಇದೆ. ಐದಡಿ ಎತ್ತರ, ಒಂದೂವರೆ ಅಡಿ ಆಳ. 1985ರಲ್ಲಿ ಬ್ಯಾಂಕಿನಿಂದ ಸಂಬಳದ ಬಾಕಿ ಒಟ್ಟಿಗೆ ಕೈಗೆ ಬಂದಾಗ ಮಾಡಿಸಿದ್ದು. ಹೊರಗೆ ತೇಗದ ಬಣ್ಣದ ಸನ್‌ಮೈಕಾ, ಒಳಗೆ ಬರೀ ಪ್ಲೈವುಡ್. ದುಡ್ಡು ಅಲ್ಲಿಗೇ ಮುಗಿದಿತ್ತು.

ಹೋದ ಮಳೆಗಾಲದಲ್ಲಿ ಅದರ ಎಡಮಗ್ಗುಲಿನ ಹಲಗೆ ಹಾಳಾಯಿತು. ಗೋಡೆಯಾಚೆ ಬಚ್ಚಲುಮನೆ. ಪೈಪು ಸೋರಿ ಗೋಡೆ ಒದ್ದೆಯಾಗಿದ್ದು ನಮಗೆ ತಿಳಿಯಲೇ ಇಲ್ಲ. ತಿಳಿಯುವಷ್ಟರಲ್ಲಿ ಸನ್‌ಮೈಕಾ ಹಪ್ಪಳದಂತೆ ಉಬ್ಬಿತ್ತು. ಬುಡದಲ್ಲಿ ಹಲಗೆಯನ್ನು ಒತ್ತಿದರೆ ಬೆರಳು ಒಳಕ್ಕೆ ಹೋಗುತ್ತಿತ್ತು.

"ಅಪ್ಪ, ಇದನ್ನ ಗುಜರಿಗೆ ಹಾಕೋಣ, ಹೊಸದು ತರೋಣ" ಎಂದ ಮಗ.

ಬೇರೆ ಯಾವ ಸಾಮಾನಾಗಿದ್ದರೂ ಹೂಂ ಎನ್ನುತ್ತಿದ್ದೆ. ಆದರೆ ಆ ಹಲಗೆಯ ಒಳಮೈಯಲ್ಲಿ, ಮೇಲಿನ ಅಂಕಣದಲ್ಲಿ, ನನ್ನ ಹೆಂಡತಿ ಪೆನ್ಸಿಲಿನಲ್ಲಿ ಬರೆದ ಹಾಲಿನ ಲೆಕ್ಕ ಇದೆ. ಬ್ಯಾಂಕಿನವನ ಮನೆಯಲ್ಲಿ ಬರೆಯಲು ಒಂದು ಪುಸ್ತಕ ಇಲ್ಲವೇ ಎಂದು ನಾನು ನಗುತ್ತಿದ್ದೆ. "ಪುಸ್ತಕ ಕಳೆದುಹೋಗುತ್ತೆ, ಕಪಾಟು ಎಲ್ಲಿಗೆ ಹೋಗುತ್ತೆ?" ಎನ್ನುತ್ತಿದ್ದಳು. ಅವಳು ಹೋಗಿ ಎಂಟು ವರ್ಷವಾಯಿತು.

ಹಾಗಾಗಿ ರಿಪೇರಿಗೆ ನಾನೇ ಕೈಹಾಕಿದೆ, ಏಳನೇ ತರಗತಿಯ ಮೊಮ್ಮಗಳನ್ನು ಜೊತೆಗೆ ಕರೆದುಕೊಂಡು. ಮೊದಲನೇ ಸಲ ಸೋತೆವು. ತಪ್ಪು ನನ್ನದೇ. ಉಬ್ಬಿದ ಸನ್‌ಮೈಕಾದ ಕೆಳಗೆ ಫೆವಿಕಾಲ್ ತುಂಬಿ, ಒರಗಲು ಅಕ್ಕಿ ಮೂಟೆ ಕೊಟ್ಟು ಮಲಗಿದೆ. ಹದಿನೈದು ದಿನಕ್ಕೆ ಮತ್ತೆ ಉಬ್ಬಿತು, ಮೊದಲಿಗಿಂತ ದೊಡ್ಡದಾಗಿ.

ನಮ್ಮ ಬೀದಿಯ ಆಚಾರ್ರು ಬಂದು ನೋಡಿ ನಕ್ಕರು. "ಸ್ವಾಮಿ, ಬಿಳಿ ಗೋಂದಿನಲ್ಲೇ ನೀರಿದೆ. ಆ ನೀರನ್ನ ಮರ ಹೀರಿದರೆ ತಾನೇ ಗೋಂದು ಗಟ್ಟಿಯಾಗೋದು? ಮರವೇ ನೀರು ಕುಡಿದು ಕೂತಿದೆ, ಇನ್ನೆಲ್ಲಿ ಹೀರುತ್ತೆ?"

ಮಕ್ಕಳೇ, ಪ್ಲೈವುಡ್ ಎಂದರೆ ಒಂದೇ ಹಲಗೆಯಲ್ಲ. ಮರದ ದಿಮ್ಮಿಯನ್ನು ಪೆನ್ಸಿಲ್ ಹೆರೆದಂತೆ ತಿರುಗಿಸುತ್ತಾ ತೆಳುವಾದ ಹಾಳೆ ಎಬ್ಬಿಸುತ್ತಾರೆ. ಒಂದು ಹಾಳೆಯ ಗೆರೆ ಉದ್ದಕ್ಕೆ, ಅದರ ಮೇಲಿನದರ ಗೆರೆ ಅಡ್ಡಕ್ಕೆ ಬರುವಂತೆ ಅಂಟಿಸಿ ಒತ್ತುತ್ತಾರೆ. ಮರ ತೇವಕ್ಕೆ ಹಿಗ್ಗುವುದು ಹೆಚ್ಚಾಗಿ ಗೆರೆಗೆ ಅಡ್ಡಲಾಗಿ. ಅಡ್ಡಹಾಳೆ ಉದ್ದಹಾಳೆಯನ್ನು ಹಿಗ್ಗಲು ಬಿಡುವುದಿಲ್ಲ, ಉದ್ದದ್ದು ಅಡ್ಡದ್ದನ್ನು ಬಿಡುವುದಿಲ್ಲ. ಹಾಳೆಗಳ ಸಂಖ್ಯೆ ಸಾಮಾನ್ಯವಾಗಿ ಬೆಸ, ಮೂರು, ಐದು, ಏಳು, ಹೀಗೆ. ಆಗ ಎರಡೂ ಹೊರಮೈಗಳ ಗೆರೆ ಒಂದೇ ದಿಕ್ಕಿಗಿದ್ದು ಹಲಗೆ ಸೊಟ್ಟಗಾಗುವುದಿಲ್ಲ. ಆದರೆ ಹಲಗೆಯ ಅಂಚಿನಲ್ಲಿ ಈ ಪದರಗಳೆಲ್ಲ ಬಾಯಿ ತೆರೆದುಕೊಂಡಿರುತ್ತವೆ. ನೆಲದ ತೇವವನ್ನು ಅವು ದೀಪದ ಬತ್ತಿ ಎಣ್ಣೆ ಹೀರಿದಂತೆ ಮೇಲಕ್ಕೆ ಹೀರುತ್ತವೆ. ಕಪಾಟುಗಳು ಯಾವಾಗಲೂ ಬುಡದಿಂದ ಕೊಳೆಯುವುದು ಅದಕ್ಕೇ.

ಸನ್‌ಮೈಕಾ ಕತೆ ಇನ್ನೂ ತಮಾಷೆಯದು. ಅದೊಂದು ಕಂಪನಿಯ ಹೆಸರು. ನಾವು ಎಲ್ಲ ಲ್ಯಾಮಿನೇಟಿಗೂ ಅದನ್ನೇ ಅಂಟಿಸಿದ್ದೇವೆ. ಮೈಕಾ ಎಂದರೆ ಕಾಗೆಬಂಗಾರ. ಈ ಹಾಳೆಯಲ್ಲಿ ಕಾಗೆಬಂಗಾರದ ಚೂರೂ ಇಲ್ಲ. ಅಮೆರಿಕದಲ್ಲಿ 1913ರ ಸುಮಾರಿಗೆ ವಿದ್ಯುತ್ ಯಂತ್ರಗಳಲ್ಲಿ ಕಾಗೆಬಂಗಾರದ ಬದಲಿಗೆ ಬಳಸಲೆಂದು ಇಂಥ ವಸ್ತು ಮಾಡಿದರು. 'ಮೈಕಾಕ್ಕೆ ಬದಲು' ಎಂಬ ಅರ್ಥದಲ್ಲೇ ಅದಕ್ಕೆ ಫಾರ್ಮೈಕಾ ಎಂಬ ಹೆಸರು ಬಂತು. ಇದರಲ್ಲಿ ಇರುವುದು ಕಾಗದ! ಕಂದು ಕಾಗದದ ಹಲವು ಹಾಳೆಗಳನ್ನು ರಾಳದಲ್ಲಿ ನೆನೆಸಿ, ಮೇಲೊಂದು ಚಿತ್ರದ ಕಾಗದ ಇಟ್ಟು, ಬಿಸಿ ಮಾಡಿ ಬಲವಾಗಿ ಒತ್ತುತ್ತಾರೆ. ನಮ್ಮ ಕಪಾಟಿನ ತೇಗದ ಗೆರೆ ಬರೀ ಅಚ್ಚು ಹಾಕಿದ ಚಿತ್ರ ಎಂದಾಗ ಮೊಮ್ಮಗಳಿಗೆ ಮೋಸ ಹೋದಂತಾಯಿತು.

ಪೂರ್ತಿ ಹಲಗೆಯನ್ನೇ ಬದಲಾಯಿಸುವುದು ಸುಲಭ ಎಂದರು ಆಚಾರ್ರು. ಬಾಗಿಲು ತೆರೆದು ಒಳಗಿನ ಲೆಕ್ಕ ತೋರಿಸಿದೆ. ಸ್ವಲ್ಪ ಹೊತ್ತು ನೋಡಿ, "ಹಾಗಾದ್ರೆ ಲಡ್ಡು ಹಿಡಿದಷ್ಟೇ ಕೊಯ್ಯೋಣ" ಎಂದರು.

ಮೊದಲು ಪೈಪು ರಿಪೇರಿ. ಸೋರಿಕೆ ನಿಲ್ಲಿಸದೆ ಹಲಗೆ ಮುಟ್ಟುವುದೆಂದರೆ ಹಳೇ ಸಾಲ ತೀರಿಸದೆ ಹೊಸ ಸಾಲ ಮಾಡಿದ ಹಾಗೆ. ಆಮೇಲೆ ಹಳೆಯ ಸನ್‌ಮೈಕಾ ಬಿಡಿಸಬೇಕು. ಅದರ ಮೇಲೆ ಹಳೇ ಹತ್ತಿಯ ಟವೆಲ್ ಹಾಸಿ ಬಟ್ಟೆ ಇಸ್ತ್ರಿ ಮಾಡಿದಂತೆ ಬಿಸಿ ಕೊಟ್ಟೆವು. ಬಿಸಿಗೆ ಗೋಂದು ಮೆತ್ತಗಾಗುತ್ತದೆ, ಆಗ ಪುಟ್ಟಿ ಹಚ್ಚುವ ತಗಡನ್ನು ತೂರಿಸಿ ಮೆಲ್ಲಗೆ ಎಬ್ಬಿಸಬಹುದು. ಇಸ್ತ್ರಿ ಹಿಡಿದವನು ನಾನು, ತಗಡು ಅವಳದು. ಕಪಾಟನ್ನು ಖಾಲಿ ಮಾಡಿ ಹಜಾರಕ್ಕೆ ತಂದು ಫ್ಯಾನಿನ ಕೆಳಗೆ ಬಿಟ್ಟೆವು. ಒಣಗಿದೆಯೋ ಇಲ್ಲವೋ ನೋಡಲು ಆಚಾರ್ರು ಒಂದು ಉಪಾಯ ಹೇಳಿದ್ದರು. ಹಲಗೆಯ ಮೇಲೆ ಪ್ಲಾಸ್ಟಿಕ್ ಹಾಳೆ ಇಟ್ಟು ನಾಲ್ಕೂ ಅಂಚಿಗೆ ಟೇಪು ಹಾಕಿ ರಾತ್ರಿ ಬಿಡುವುದು. ಬೆಳಿಗ್ಗೆ ಒಳಗೆ ಮಂಜು ಕಟ್ಟಿದ್ದರೆ ಇನ್ನೂ ತೇವ ಇದೆ. ಮೊಮ್ಮಗಳು ದಿನಾ ಹಲ್ಲುಜ್ಜುವ ಮೊದಲು ಅದನ್ನೇ ನೋಡುತ್ತಿದ್ದಳು. ಮೂರು ವಾರ ಹಿಡಿಯಿತು.

ಬುಡದ ಹತ್ತು ಅಂಗುಲವನ್ನು ಆಚಾರ್ರು ನೇರವಾಗಿ ಕೊಯ್ದು ತೆಗೆದರು. ಅಷ್ಟೇ ದಪ್ಪದ ಹೊಸ ಪ್ಲೈವುಡ್ ಕೂರಿಸಿ, ಒಳಗಡೆ ಬೆಸುಗೆಯ ಮೇಲೆ ಒಂದು ಪಟ್ಟಿ ಕೊಟ್ಟು ಗೋಂದು ಹಚ್ಚಿ ಸ್ಕ್ರೂ ಬಿಗಿದರು. (ಹೊಸದು ಕೊಳ್ಳುವವರು ಹಲಗೆಯ ಮೇಲಿನ ಮುದ್ರೆ ನೋಡಿ. ಐಎಸ್ 710 ಎಂದಿದ್ದರೆ ಮರೈನ್ ಪ್ಲೈವುಡ್, ನೀರಿಗೆ ಹೆಚ್ಚು ತಾಳುತ್ತದೆ. ಐಎಸ್ 303 ಸಾಮಾನ್ಯ ಬಳಕೆಯದು.) ಸಂದಿಗೆ ಪುಟ್ಟಿ ತುಂಬಿ, ಒಣಗಿದ ಮೇಲೆ ಉಪ್ಪುಕಾಗದದಲ್ಲಿ ಉಜ್ಜಿದ್ದು ನಾವಿಬ್ಬರು. ಕಣ್ಣು ಮುಚ್ಚಿ ಕೈಯಾಡಿಸಿದರೆ ಸಂದಿ ಸಿಗಬಾರದು ಎಂದಿದ್ದರು. ನನ್ನ ಬೆರಳಿಗೆ ಸಿಗದಿದ್ದರೂ ಅವಳ ಬೆರಳಿಗೆ ಸಿಕ್ಕಿತು. ಮತ್ತೆ ಉಜ್ಜಿದೆವು.

ಹಳೆಯ ತೇಗದ ಬಣ್ಣದ ಹಾಳೆ ಅಂಗಡಿಯಲ್ಲಿ ಸಿಗಲಿಲ್ಲ. ಪೂರ್ತಿ ಹಾಳೆ ಎಂಟಡಿ ನಾಲ್ಕಡಿ ಇರುತ್ತದೆ. ನಮಗೆ ಅಷ್ಟು ಬೇಡ. ಹತ್ತಿರದ ಬಣ್ಣದ ಉಳಿಕೆ ತುಂಡೊಂದನ್ನು ಅಂಗಡಿಯವರು ಅರ್ಧ ಬೆಲೆಗೆ ಕೊಟ್ಟರು. ಒಂದು ಮಿಲಿಮೀಟರ್ ದಪ್ಪ. ಅಳತೆಗಿಂತ ಸುತ್ತಲೂ ಕಾಲು ಅಂಗುಲ ಹೆಚ್ಚು ಬಿಟ್ಟು ಕತ್ತರಿಸಿದೆವು.

ಈ ಸಲ ರಬ್ಬರ್ ಗೋಂದು. ಇದನ್ನು ಹಲಗೆಗೂ ಹಾಳೆಗೂ ಎರಡಕ್ಕೂ ತೆಳುವಾಗಿ ಬಳಿದು, ಬೆರಳಿಗೆ ಅಂಟದಷ್ಟು ಒಣಗುವ ತನಕ ಕಾಯಬೇಕು. ಆಮೇಲೆ ಎರಡೂ ಮುಟ್ಟಿದರೆ ಮುಗಿಯಿತು, ಸರಿಸಲು ಬರುವುದಿಲ್ಲ. ಇದರ ಆವಿಗೆ ಬೇಗ ಬೆಂಕಿ ಹತ್ತುತ್ತದೆ, ತಲೆಯೂ ಸುತ್ತುತ್ತದೆ. ಕಿಟಕಿ ಬಾಗಿಲೆಲ್ಲ ತೆರೆದು, ದೇವರ ದೀಪವನ್ನೂ ಆರಿಸಿದೆವು. ಮೊಮ್ಮಗಳನ್ನು ಅಂಗಳಕ್ಕೆ ಕಳಿಸಿದೆ. ಮಕ್ಕಳು ಈ ಗೋಂದು ಮುಟ್ಟಬಾರದು.

ಕಪಾಟನ್ನು ಮಗ್ಗುಲಾಗಿ ಮಲಗಿಸಿದ್ದೆವು. ಗೋಂದು ಬಳಿದ ಹಲಗೆಯ ಮೇಲೆ ಆಚಾರ್ರು ಹೊಸ ಪೊರಕೆಯಿಂದ ಕಿತ್ತ ತೆಂಗಿನ ಕಡ್ಡಿಗಳನ್ನು ಸಾಲಾಗಿ ಇಟ್ಟರು. ಒಣಗಿದ ಗೋಂದು ಕಡ್ಡಿಗೆ ಅಂಟುವುದಿಲ್ಲ, ಗೋಂದಿಗೆ ಮಾತ್ರ ಅಂಟುತ್ತದೆ. ಕಡ್ಡಿಗಳ ಮೇಲೆ ಹಾಳೆ ಇಟ್ಟು, ಅಂಚುಗಳನ್ನು ಸರಿಹೊಂದಿಸಿ, ನಡುವಿನಿಂದ ಒಂದೊಂದೇ ಕಡ್ಡಿ ಎಳೆಯುತ್ತಾ ಒತ್ತುತ್ತಾ ಹೋದರು. ನಡುವಿನಿಂದ ಹೊರಕ್ಕೆ ಒತ್ತಿದರೆ ಗಾಳಿ ಒಳಗೆ ಸಿಕ್ಕಿಕೊಳ್ಳುವುದಿಲ್ಲ. ಹೆಚ್ಚಾದ ಅಂಚನ್ನು ಮರುದಿನ ಅರದಿಂದ ಉಜ್ಜಿದ್ದು ನಾನು. ಅರವನ್ನು ಹಲಗೆಯ ಕಡೆಗೆ ಒತ್ತುತ್ತಾ ಒಂದೇ ದಿಕ್ಕಿಗೆ ತಳ್ಳಬೇಕು, ವಾಪಸ್ ಎಳೆದರೆ ಹಾಳೆ ಸೀಳುತ್ತದೆ. ಒಂದು ಮೂಲೆಯಲ್ಲಿ ಎಳೆದೇಬಿಟ್ಟೆ. ಕಡಲೆಯಷ್ಟು ಚೂರು ಹಾರಿದ್ದು ಈಗಲೂ ಕಾಣುತ್ತದೆ.

ಬುಡದ ಅಂಚಿಗೆ ಎರಡು ಕೈ ಬಣ್ಣ ಬಳಿದು, ಕೆಳಗೆ ಗಟ್ಟಿಮರದ ತುಂಡು ಕೊಟ್ಟು, ಗೋಡೆಯಿಂದ ಎರಡು ಅಂಗುಲ ದೂರ ನಿಲ್ಲಿಸಿದೆವು.

ಡಬ್ಬಿಗಳನ್ನು ಮತ್ತೆ ಜೋಡಿಸುವಾಗ ಮೊಮ್ಮಗಳು ಟಾರ್ಚ್ ಹಿಡಿದು ಒಳಗಿನ ಲೆಕ್ಕ ಓದತೊಡಗಿದಳು. ದಿನಕ್ಕೆ ಒಂದು ಲೀಟರ್, ತಿಂಗಳಿಗೆ ಒಂದು ಸಾಲು. ಹೆಚ್ಚು ಹಾಲು ಕೊಂಡ ತಿಂಗಳ ಪಕ್ಕ ಕೂಡುವ ಗುರುತು.

"ಅಜ್ಜ, ಅಜ್ಜಿ ಲೆಕ್ಕ ತಪ್ಪು. ಫೆಬ್ರವರಿಗೆ 30 ಬರೆದಿದ್ದಾರೆ."

ಕನ್ನಡಕ ಹಾಕಿಕೊಂಡು ತಲೆ ಒಳಗೆ ತೂರಿಸಿದೆ. 1986ರ ಫೆಬ್ರವರಿಗೆ 30. 1987ಕ್ಕೂ 30. 1988ರಲ್ಲಿ ಫೆಬ್ರವರಿಗೆ 29 ದಿನ, ಆಗಲೂ 30. ಪಕ್ಕದಲ್ಲಿ ಕೂಡುವ ಗುರುತು ಎಲ್ಲೂ ಇಲ್ಲ. ಆಗ ನಮಗೆ ಹಾಲು ಹಾಕುತ್ತಿದ್ದದ್ದು ಒಬ್ಬ ವಯಸ್ಸಾದ ಹೆಂಗಸು, ಮಳೆ ಇರಲಿ ಚಳಿ ಇರಲಿ, ನಸುಕಿನಲ್ಲೇ ನಡೆದು ಬರುತ್ತಿದ್ದರು.

"ಸರಿ ಮಾಡ್ಲಾ ಅಜ್ಜ?" ಎಂದು ಅವಳು ಪೆನ್ಸಿಲ್ ತಂದಳು.

ಬೇಡ ಎಂದೆ. ಬೇಳೆ ಡಬ್ಬಿಯನ್ನು ಆ ಜಾಗಕ್ಕೆ ಅಡ್ಡ ಬಾರದಂತೆ ಪಕ್ಕಕ್ಕೆ ಇಟ್ಟೆವು.