ಗೆರೆಗಳನ್ನು ಎಣಿಸಿದವರಾರು?

ಪೀಣ್ಯದಲ್ಲಿ ಓಡಾಡಿದವರಿಗೆ ಗ್ಯಾಸ್ ವೆಲ್ಡಿಂಗಿನ ಜೋಡಿ ಸಿಲಿಂಡರುಗಳು ಹೊಸತಲ್ಲ. ಒಂದರಲ್ಲಿ ಆಮ್ಲಜನಕ, ಇನ್ನೊಂದರಲ್ಲಿ ಅಸಿಟಿಲೀನ್. ಅಲ್ಲಿನ ವೆಲ್ಡರೊಬ್ಬರ ಮಗ ನನ್ನ ಹತ್ತನೇ ತರಗತಿಯಲ್ಲಿದ್ದ. ಕರಿಹಲಗೆಯ ಮೇಲೆ ಅಸಿಟಿಲೀನಿನ ಎರಡು ಇಂಗಾಲಗಳ ನಡುವೆ ಮೂರು ಗೆರೆ ಎಳೆದೆ. ಹುಡುಗ ಎದ್ದು, "ಸಾರ್, ಈ ಗೆರೆಗಳನ್ನು ಯಾರು ಎಣಿಸಿದ್ದು?" ಎಂದ. ತರಗತಿ ನಕ್ಕಿತು. ಇಪ್ಪತ್ತೈದು ವರ್ಷ ಗೆರೆ ಎಳೆದಿದ್ದ ನನಗೆ ಆ ಪ್ರಶ್ನೆ ಹೊಳೆದೇ ಇರಲಿಲ್ಲ.

ಒಂದು ಗೆರೆಯೆಂದರೆ ಪರಮಾಣುಗಳೆರಡು ಹಂಚಿಕೊಂಡ ಒಂದು ಜೊತೆ ಎಲೆಕ್ಟ್ರಾನ್. 1916ರಲ್ಲಿ ಅಮೆರಿಕದ ಲೂಯಿಸ್ ಹಾಕಿಕೊಟ್ಟ ಲೆಕ್ಕವಿದು. ಗೆರೆಗಳ ಸಂಖ್ಯೆಯೇ ಬಂಧಕ್ರಮ: ಆಮ್ಲಜನಕಕ್ಕೆ 2, ಸಾರಜನಕಕ್ಕೆ 3. ಬೆಂಜೀನಿಗೆ ಬಂದರೆ ಈ ಲೆಕ್ಕ ಎಡವುತ್ತದೆ. ಆರು ಇಂಗಾಲಗಳ ಉಂಗುರದಲ್ಲಿ ಒಂದು ಬಿಟ್ಟು ಒಂದು ದ್ವಿಬಂಧ ಬರೆಯುತ್ತೇವೆ. ಅಳೆದರೆ ಆರೂ ಸುಮಾರು 140 ಪಿಕೋಮೀಟರ್ ಉದ್ದ! (ಪಿಕೋಮೀಟರೆಂದರೆ ಮೀಟರಿನ ಲಕ್ಷ ಕೋಟಿಯಲ್ಲೊಂದು ಪಾಲು.) ಏಕಬಂಧದ ಉದ್ದ 154, ದ್ವಿಬಂಧದ್ದು 134. ಹಾಗಾದರೆ ಇಲ್ಲಿರುವುದು ಒಂದೂವರೆ ಗೆರೆ.

ಬಂಧದ ಉದ್ದವನ್ನು ಅಳೆಯಬಹುದು, ಮುರಿಯಲು ಬೇಕಾದ ಶಕ್ತಿಯನ್ನೂ ಅಳೆಯಬಹುದು. ಅದರ ಕಂಪನವನ್ನು ಚದುರಿದ ಬೆಳಕಿನಲ್ಲಿ ಓದುವ ದಾರಿ 1928ರ ರಾಮನ್ ಪರಿಣಾಮದಿಂದ ತೆರೆಯಿತು. ರಾಮನ್ 1933ರಲ್ಲಿ ಬಂದು ಸೇರಿದ ಟಾಟಾ ಇನ್‌ಸ್ಟಿಟ್ಯೂಟ್ ಪೀಣ್ಯಕ್ಕೆ ದೂರವೇನಲ್ಲ. ಆದರೆ ಬಂಧಕ್ರಮವನ್ನು ನೇರವಾಗಿ ಅಳೆಯುವ ಉಪಕರಣ ಅಲ್ಲೂ ಇಲ್ಲ, ಎಲ್ಲೂ ಇಲ್ಲ. ಅದನ್ನು ಲೆಕ್ಕ ಹಾಕಿಯೇ ತೆಗೆಯಬೇಕು.

ಶ್ರೋಡಿಂಗರ್ 1926ರಲ್ಲಿ ಕೊಟ್ಟ ಸಮೀಕರಣವನ್ನು ಕಂಪ್ಯೂಟರ್ ಅಂದಾಜಾಗಿ ಬಿಡಿಸಿ, ಎಲೆಕ್ಟ್ರಾನುಗಳು ಎಲ್ಲೆಲ್ಲಿ ಎಷ್ಟು ದಟ್ಟವಾಗಿವೆ ಎಂದು ಹೇಳುತ್ತದೆ. ತಕರಾರು ಶುರುವಾಗುವುದು ಪಾಲು ಮಾಡುವಾಗ. ಗಡಿಕಲ್ಲಿಲ್ಲದ ಎರಡು ಹೊಲಗಳ ನಡುವೆ ಬೆಳೆದ ಹುಲ್ಲು ಯಾರದು? ವೈಬರ್ಗ್ 1968ರಲ್ಲಿ ಒಂದು ಸೂತ್ರ ಕೊಟ್ಟರು, ಹಂಗೇರಿಯ ಮೇಯರ್ 1983ರಲ್ಲಿ ಇನ್ನೊಂದು. ಒಂದೇ ಅಣುವಿಗೆ ಎರಡು ಸೂತ್ರಗಳ ಉತ್ತರ ಒಂದೇ ಆಗಬೇಕೆಂದಿಲ್ಲ. ಎರಡೇ ಇಂಗಾಲಗಳಿರುವ ಪುಟ್ಟ ಅಣುವಿನಲ್ಲಿ ನಾಲ್ಕು ಬಂಧಗಳಿವೆಯೆಂದು ಇಸ್ರೇಲಿನ ಶೈಕ್ ಮತ್ತು ಸಂಗಡಿಗರು 2012ರಲ್ಲಿ ಸಾರಿದಾಗ ದೊಡ್ಡ ಜಗಳವೇ ಆಯಿತು.

ಮರುದಿನ ಹುಡುಗನಿಗೆ, "ಯಾರೂ ಎಣಿಸಿದ್ದಲ್ಲಪ್ಪ, ಲೆಕ್ಕ ಕಟ್ಟಿದ್ದು" ಎಂದೆ. ಅವನು ಬಿಡಬೇಕಲ್ಲ! "ಸಾರಜನಕಕ್ಕೂ ಮೂರೇ ಗೆರೆ. ಅದ್ಯಾಕೆ ಸಾರ್ ಅಸಿಟಿಲೀನ್ ಥರ ಉರಿಯಲ್ಲ?"

ಗೆರೆ ಆ ಒಂದು ಬಂಧದ ಮಾತನ್ನಷ್ಟೇ ಹೇಳುತ್ತದೆ. ಉರಿಯುವುದು ಬಿಡುವುದು ಹಳೆಯ ಬಂಧಗಳಿಗೂ ಹೊಸ ಬಂಧಗಳಿಗೂ ನಡುವಿನ ಶಕ್ತಿಯ ಜಮಾಖರ್ಚು. ಅಸಿಟಿಲೀನ್ ಉರಿದಾಗ ಲಾಭವಾಗಿ ಶಾಖ ಬರುತ್ತದೆ. ಸಾರಜನಕದ ಬಂಧ ಒಡೆಯಲು ಮೋಲ್ ಒಂದಕ್ಕೆ 945 ಕಿಲೋಜೂಲ್ ಬೇಕು. ಅಷ್ಟು ತೆತ್ತು ಆಮ್ಲಜನಕದೊಡನೆ ಸೇರಿ ನೈಟ್ರಿಕ್ ಆಕ್ಸೈಡ್ ಆದರೂ ಕೈಗೆ ಹತ್ತುವುದು ನಷ್ಟವೇ.